ಒಂದು ನಂಬರ್ ಸಾಲದು: ಶುಗರ್ ಏರಿಳಿತ ನನಗೆ ಅರ್ಥವಾದ ಬಗೆ

ಟೈಪ್ 2 ಶುಗರ್ ಇರುವ ನಮ್ಮಂಥವರಲ್ಲಿ ಬಹಳ ಮಂದಿ ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರುತ್ತಾರೆ. 140 ಬಂದರೆ ಸಮಾಧಾನ. 210 ಬಂದರೆ ಆ ವಾರವೆಲ್ಲ ಅನ್ನ ಬಂದ್. ಆದರೆ 210 ಯಾಕೆ ಬಂತು? ಊಟದಿಂದಲೋ, ನಿದ್ದೆ ಕೆಟ್ಟಿದ್ದರಿಂದಲೋ, ಮಾತ್ರೆ ಸಾಲದೆಯೋ? ಒಂದೇ ನಂಬರ್ ಅದನ್ನು ಹೇಳುವುದಿಲ್ಲ. ಊಟಕ್ಕೆ ಮುಂಚೆ ಒಂದು, ಮೊದಲ ತುತ್ತು ತಿಂದು ಎರಡು ಗಂಟೆಗೆ ಇನ್ನೊಂದು, ಹೀಗೆ ಜೋಡಿಯಾಗಿ ನೋಡಲು ಶುರು ಮಾಡಿದ ಮೇಲೆಯೇ ನನಗೆ ವಿಷಯ ತಿಳಿಯತೊಡಗಿತು.

ಮೂರು ತಿಂಗಳ ಎಚ್‌ಬಿಎ1ಸಿ ಪರೀಕ್ಷೆ ಬೇಕೇ ಬೇಕು. ಆದರೆ ಅದು ಆ ಮೂರು ತಿಂಗಳ ಶುಗರ್‌ನ ಸರಾಸರಿ ಮಾತ್ರ. ಅದರಲ್ಲಿ ಶೇಕಡಾ 7 ಬಂದರೆ ಸರಾಸರಿ ಶುಗರ್ ಸುಮಾರು 154 ಅಂತ ಲೆಕ್ಕ. ಇಡೀ ದಿನ 150ರ ಆಸುಪಾಸಿನಲ್ಲಿ ಇರುವವರಿಗೂ, 60ಕ್ಕೆ ಇಳಿದು 250ಕ್ಕೆ ಏರುವವರಿಗೂ ಅದೇ 7 ಬರಬಹುದು. ಇಬ್ಬರ ಪಾಡು ಒಂದೇ ಅಲ್ಲ, ಅಲ್ವಾ?

ಸ್ಟ್ರಿಪ್‌ಗಳಿಗೆ ದುಡ್ಡು ಜಾಸ್ತಿ. ಅದಕ್ಕೇ ಒಂದು ವಾರ ಬೆಳಗಿನ ತಿಂಡಿ, ಇನ್ನೊಂದು ವಾರ ಮಧ್ಯಾಹ್ನದ ಊಟ ಅಂತ ಸರದಿ ಮಾಡಿಕೊಂಡೆ. ಕೈಯನ್ನು ಸೋಪು ಹಾಕಿ ತೊಳೆದು, ಒರೆಸಿ ಒಣಗಿಸಿಯೇ ಬೆರಳು ಚುಚ್ಚಬೇಕು. ಹಣ್ಣು ಹೆಚ್ಚಿದ ಕೈಯಲ್ಲಿ ನೋಡಿದರೆ ಸುಳ್ಳೇ ಜಾಸ್ತಿ ತೋರಿಸುತ್ತದೆ. ಒಳ್ಳೆಯ ಮೀಟರಿನಲ್ಲೂ ಶೇಕಡಾ 15ರಷ್ಟು ಹೆಚ್ಚುಕಮ್ಮಿ ಇರಬಹುದು. ಹಾಗಾಗಿ ಹತ್ತು ಪಾಯಿಂಟಿಗೆಲ್ಲ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮತ್ತೆ ಮತ್ತೆ 50, 60 ಏರಿದರೆ ಮಾತ್ರ ಕಾರಣ ಹುಡುಕುತ್ತೇನೆ.

ನಮ್ಮ ತುಮಕೂರು ಕಡೆ ಶುಗರ್ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: ‘ರಾಗಿ ತಿನ್ನಿ, ಏನೂ ಆಗಲ್ಲ’. ನನ್ನ ನೋಟ್‌ಬುಕ್ ಬೇರೆ ಹೇಳಿತು. ಸೊಪ್ಪು, ಕಾಳು ಹಾಕಿದ ಬಸ್ಸಾರಿನ ಜೊತೆ ಸಣ್ಣ ಮುದ್ದೆ ತಿಂದರೆ ಏರಿಕೆ 40ರ ಸುತ್ತಮುತ್ತ ನಿಲ್ಲುತ್ತಿತ್ತು. ಅದೇ ರಾಗಿಯನ್ನು ನುಣ್ಣಗೆ ಬೀಸಿಸಿ, ಬೆಳಗ್ಗೆ ಬರೀ ಗಂಜಿ ಮಾಡಿ ಕುಡಿದರೆ 80 ದಾಟುತ್ತಿತ್ತು. ರಾಗಿಯಲ್ಲೂ ಇರುವುದು ಪಿಷ್ಟವೇ. ನುಣ್ಣಗಿನ ಹಿಟ್ಟು, ತೆಳುವಾದ ಗಂಜಿ, ಜೊತೆಗೆ ಕಾಳಿಲ್ಲ, ಪಲ್ಯವಿಲ್ಲ ಅಂದರೆ ಬೇಗ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಈ ನಂಬರ್‌ಗಳು ನನ್ನವು, ನಿಮ್ಮ ಮೈಗೆ ಬೇರೆ ಇರುತ್ತವೆ.

ಆಮೇಲೆ ತಿನ್ನುವ ಕ್ರಮ ಬದಲಿಸಿದೆ. ಮೊದಲು ಪಲ್ಯ, ಕಾಳು. ಮುದ್ದೆ, ಅನ್ನ ಕೊನೆಗೆ. ತಟ್ಟೆಯಲ್ಲಿ ಇದ್ದದ್ದು ಅಷ್ಟೇ, ಏರಿಕೆ ಮಾತ್ರ ಕಡಿಮೆಯಾಯಿತು. ಊಟವಾದ ಮೇಲೆ ಕಾಲು ಗಂಟೆ ನಡೆದ ದಿನ ಇನ್ನೂ ಕಡಿಮೆ. ಮಾಂಸಖಂಡಗಳು ಕೆಲಸ ಮಾಡುವಾಗ ಇನ್ಸುಲಿನ್‌ಗೆ ಅಷ್ಟಾಗಿ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತವೆ. ಬೆಳಗಿನ ಒಂದು ಗಂಟೆ ವಾಕಿಂಗ್‌ಗಿಂತ ಈ ಕಾಲು ಗಂಟೆ ನನ್ನ ಊಟದ ನಂತರದ ನಂಬರನ್ನು ಜಾಸ್ತಿ ಇಳಿಸಿದೆ. ಒಂದು ಮಾತು: ಕ್ರಮ, ಪ್ರಮಾಣ, ನಡಿಗೆ ಮೂರನ್ನೂ ಒಟ್ಟಿಗೆ ಬದಲಿಸಬೇಡಿ. ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಬೆಳಗಿನ ನಂಬರ್ ಬೇರೆಯೇ ಕಥೆ. ಮಲಗುವಾಗ 115, ಎದ್ದಾಗ 150. ‘ರಾತ್ರಿ ಏನಾದ್ರೂ ತಿಂದ್ರಾ?’ ಅಂತ ಮನೆಯವಳು ಕೇಳಿದ್ದುಂಟು. ತಿಂದಿರಲಿಲ್ಲ. ಬೆಳಗಿನ ಜಾವ ಮೈ ಏಳುವುದಕ್ಕೆ ಸಜ್ಜಾಗುವಾಗ ಕಾರ್ಟಿಸಾಲ್‌ನಂಥ ಹಾರ್ಮೋನ್‌ಗಳು ಹೆಚ್ಚುತ್ತವೆ, ಲಿವರ್ ತಾನೇ ಸಕ್ಕರೆ ಬಿಡುತ್ತದೆ. ಡಾಕ್ಟರ್ ಒಂದೆರಡು ರಾತ್ರಿ ಮೂರು ಗಂಟೆಗೆ ಎದ್ದು ನೋಡಲು ಹೇಳಿದರು. ನಿದ್ದೆಯಲ್ಲಿ ಶುಗರ್ ತೀರಾ ಇಳಿದು ಆಮೇಲೆ ಏರುತ್ತಿದೆಯೋ ಅಂತ ತಿಳಿಯಲಿಕ್ಕೆ. ಇಳಿದಿರಲಿಲ್ಲ. ಹೀಗಾಗಿ ರಾತ್ರಿ ಊಟ ಇನ್ನಷ್ಟು ಕಡಿಮೆ ಮಾಡಿ ಸುಮ್ನೆ ಹಸಿದು ಮಲಗುವ ಅಗತ್ಯ ಬೀಳಲಿಲ್ಲ.

ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಶನಿವಾರದ ಒಪ್ಪೊತ್ತು. ಬೆಳಗ್ಗೆ ಎಂದಿನಂತೆ ಗ್ಲಿಮೆಪಿರೈಡ್ ಮಾತ್ರೆ. ತಿಂಡಿ ಇಲ್ಲ. ಹನ್ನೊಂದೂವರೆಗೆ ಕೈ ನಡುಕ, ತಣ್ಣನೆ ಬೆವರು. ಮೀಟರಿನಲ್ಲಿ 64. ಆ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ನಾವು ತಿಂದಿದ್ದೇವೋ ಇಲ್ಲವೋ ನೋಡುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಹೀಗಾಗುವುದು ಅಪರೂಪ. 70ರ ಕೆಳಗೆ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಇದನ್ನು ಮನೆಯವರೆಲ್ಲರಿಗೂ ಹೇಳಿಟ್ಟಿದ್ದೇನೆ.

ಅದೇ ದಿನ ಸಂಜೆ ಫಲಾಹಾರ. ಬೆಲ್ಲದ ಅವಲಕ್ಕಿ, ಎರಡು ಬಾಳೆಹಣ್ಣು. ಎರಡು ಗಂಟೆ ಬಿಟ್ಟು ನೋಡಿದರೆ 248! ಶನಿವಾರದ ಆ ಎರಡು ನಂಬರ್ ತೋರಿಸಿದಾಗ ಡಾಕ್ಟರ್ ಒಪ್ಪೊತ್ತು ಬಿಡಿ ಅನ್ನಲಿಲ್ಲ. ಮಾತ್ರೆಯನ್ನೇ ಬದಲಿಸಿದರು. ಇದು ಅವರು ಮಾಡುವ ಕೆಲಸ. ಉಪವಾಸ ಅಂತ ನಮ್ಮಷ್ಟಕ್ಕೆ ನಾವೇ ಮಾತ್ರೆ ಬಿಡುವುದು, ಅರ್ಧ ಮಾಡುವುದು ದಯವಿಟ್ಟು ಬೇಡ. ಸಂಜೆ ಈಗ ಮೊದಲು ಹೆಸರುಬೇಳೆ ಕೋಸಂಬರಿ, ಆಮೇಲೆ ಒಂದು ಹಿಡಿ ಖಾರದ ಅವಲಕ್ಕಿ. ಬಾಳೆಹಣ್ಣು ಅರ್ಧ.

ಜ್ವರ ಬಂದಾಗ, ಹಲ್ಲಿನಲ್ಲಿ ಕೀವಾದಾಗ, ಸ್ಟೀರಾಯ್ಡ್ ಮಾತ್ರೆ ಕೊಟ್ಟಾಗ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಊಟ ಸೇರದಿದ್ದರೂ ಶುಗರ್ ಏರುತ್ತದೆ. ಅಂಥ ದಿನಗಳ ಪುಟದ ಮೇಲೆ ‘ಜ್ವರ’ ಅಂತ ಬರೆದು, ತಿಂಡಿ ಊಟದ ಹೋಲಿಕೆಗೆ ಆ ನಂಬರ್‌ಗಳನ್ನು ಸೇರಿಸುವುದಿಲ್ಲ. ನೀರು ಚೆನ್ನಾಗಿ ಕುಡಿಯುತ್ತೇನೆ, ದಿನಕ್ಕೆ ನಾಲ್ಕೈದು ಸಲ ನೋಡುತ್ತೇನೆ. 250 ದಾಟಿ ಇಳಿಯದೇ ನಿಂತರೆ ಡಾಕ್ಟರಿಗೆ ಫೋನ್ ಮಾಡುತ್ತೇನೆ.