ಕರಣಿ ಸಮೀಕರಣ: ಯಾವ ಉತ್ತರ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು

√ನಂಥ ಮೂಲ ಚಿಹ್ನೆ ಇರುವ ಪದವೇ ಕರಣಿ; ಗೊತ್ತಿಲ್ಲದ ಬೆಲೆ ಅದರೊಳಗೆ ಸೇರಿಕೊಂಡಿದ್ದರೆ ಅದು ಕರಣಿ ಸಮೀಕರಣ. ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಒಂದು ಕೋತಿ ಲೆಕ್ಕವಿದೆ. ಹಿಂಡಿನ ಐದನೇ ಒಂದು ಭಾಗದಲ್ಲಿ 3 ಕಳೆದು, ಉಳಿದದ್ದನ್ನು ವರ್ಗ ಮಾಡಿದರೆ ಎಷ್ಟಾಗುತ್ತದೋ ಅಷ್ಟು ಕೋತಿಗಳು ಗುಹೆ ಹೊಕ್ಕವು; ಹೊರಗೆ ಕಂಡದ್ದು ಒಂದೇ. ಹಿಂಡು ‘ಯ’ ಆದರೆ ಗುಹೆಯೊಳಗೆ ಇರುವುದು ಯ − 1. 3 ಕಳೆದು ಉಳಿದದ್ದೂ ಕೋತಿಗಳ ಎಣಿಕೆಯೇ, ಋಣವಾಗುವಂತಿಲ್ಲ. ಅಂದರೆ

√(ಯ − 1) = ಯ/5 − 3

ಎರಡೂ ಕಡೆ ವರ್ಗ ಮಾಡಿ:

ಯ − 1 = ಯ²/25 − 6ಯ/5 + 9

ನಡುವಿನ 6ಯ/5 ಪದವನ್ನು ನುಂಗಿಹಾಕುವವರೇ ಹೆಚ್ಚು, ಜೋಕೆ. 25ರಿಂದ ಗುಣಿಸಿ ಒಂದೇ ಕಡೆ ತಂದರೆ

ಯ² − 55ಯ + 250 = 0
(ಯ − 50)(ಯ − 5) = 0

ಈಗ ತಾಳೆ ನೋಡಿ, ಅದೂ ಮೊದಲ ಸಾಲಿನಲ್ಲೇ. ವರ್ಗ ಮಾಡಿದ ಮೇಲಿನ ಸಾಲುಗಳಲ್ಲಿ 50, 5 ಎರಡೂ ಸರಿಹೊಂದುತ್ತವೆ. ಅಲ್ಲಿ ನೋಡಿ ಪ್ರಯೋಜನವಿಲ್ಲ.

ಯ = 50: √49 = 7, 10 − 3 = 7. ಸರಿ.
ಯ = 5: √4 = 2, 1 − 3 = −2. ಹುಸಿ.

ಭಾಸ್ಕರರೂ 5ನ್ನು ಕೈಬಿಟ್ಟಿದ್ದಾರೆ. ಇದು ಲೆಕ್ಕ ತಪ್ಪಿ ಬಂದದ್ದಲ್ಲ. 2ರ ವರ್ಗವೂ 4, −2ರ ವರ್ಗವೂ 4; ವರ್ಗ ಮಾಡಿದೊಡನೆ ಚಿಹ್ನೆ ಅಳಿಸಿಹೋಗಿ, −√(ಯ − 1) = ಯ/5 − 3 ಎಂಬ ಬೇರೆ ಸಮೀಕರಣದ ಉತ್ತರವೂ ಒಳಗೆ ನುಸುಳುತ್ತದೆ. ‘√4 ಅಂದರೆ −2 ಕೂಡ ಅಲ್ಲವೇ’ ಎಂದು 5ನ್ನು ಉಳಿಸಿಕೊಳ್ಳಲು ಹೋಗಬೇಡಿ. √ ಚಿಹ್ನೆ ಋಣ ಬೆಲೆಯನ್ನು ಕೊಡುವುದಿಲ್ಲ. ಹಾಗಾಗಿ ಬಲಗಡೆಯೂ ಋಣವಾಗುವಂತಿಲ್ಲ: ಯ ಕನಿಷ್ಠ 15 ಇರಬೇಕು. ಇದನ್ನು ಮೊದಲೇ ಬರೆದಿಟ್ಟುಕೊಂಡರೆ 5 ಕಂಡ ಕೂಡಲೇ ಹೊಡೆದುಹಾಕಬಹುದು.

ಆದರೆ ಋಣ ಉತ್ತರಗಳೆಲ್ಲ ಹುಸಿ ಎಂದಲ್ಲ. √(ಯ + 6) = ಯ + 4 ಬಿಡಿಸಿದರೆ −2, −5 ಬರುತ್ತವೆ. −2 ಹಾಕಿದರೆ ಎರಡೂ ಕಡೆ 2, ಸರಿ. −5 ಹಾಕಿದರೆ ಎಡಕ್ಕೆ 1, ಬಲಕ್ಕೆ −1.

ಎರಡು ಕರಣಿಗಳಿದ್ದರೆ ಒಂದನ್ನು ಒಂಟಿಯಾಗಿಸಿ ವರ್ಗ ಮಾಡಿ, ಉಳಿದದ್ದಕ್ಕೆ ಮತ್ತೊಮ್ಮೆ. √(2ಯ + 3) − √(ಯ + 1) = 1 ಇದು ಮೊದಲ ಸುತ್ತಿಗೆ ಯ + 1 = 2√(ಯ + 1) ಆಗುತ್ತದೆ. ಇಲ್ಲಿ ಅಪಾಯ ತಿರುಗುಮುರುಗು: √(ಯ + 1)ರಿಂದ ಭಾಗಿಸಿಬಿಟ್ಟರೆ 3 ಮಾತ್ರ ಸಿಗುತ್ತದೆ, −1 ಕಳೆದೇಹೋಗುತ್ತದೆ. ಭಾಗಿಸದೆ ವರ್ಗ ಮಾಡಿ ಅಪವರ್ತಿಸಿದರೆ ಎರಡೂ ಸಿಗುತ್ತವೆ, ಎರಡೂ ತಾಳೆಯಾಗುತ್ತವೆ.

ಒಂಟಿ ಘನಮೂಲಕ್ಕೆ ಈ ತಲೆನೋವಿಲ್ಲ. 2ರ ಘನ 8, −2ರ ಘನ −8, ಚಿಹ್ನೆ ಉಳಿದುಕೊಳ್ಳುತ್ತದೆ.