‘ನನ್ನಿಂದ ಆಗಲ್ಲ’ ಅನ್ನಿಸಿದಾಗ ಏನು ಮಾಡಬೇಕು?

ಚರ್ಚಿನ ಸಭಾಪಾಲಕರು ‘ಮುಂದಿನ ಭಾನುವಾರ ಬೈಬಲ್ ವಾಕ್ಯ ನೀವೇ ಓದಿ’ ಅಂದ ತಕ್ಷಣ ಕೈಕಾಲು ತಣ್ಣಗಾಗುತ್ತವೆ. ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿ ಅಂದರೂ ಅಷ್ಟೇ, ‘ಅಯ್ಯೋ, ನನಗೆಲ್ಲಿ ಬರುತ್ತೆ, ಬೇರೆಯವರನ್ನ ಕೇಳಿ’ ಅಂತ ಜಾರಿಕೊಳ್ಳುತ್ತೇವೆ. ಇಂಥ ಹೊತ್ತಲ್ಲಿ ಎಲ್ಲರೂ ಕೊಡುವ ಸಲಹೆ, ‘ನಿನ್ನ ಮೇಲೆ ನೀನು ನಂಬಿಕೆ ಇಡು’. ನನಗಂತೂ ಇದು ಹಿಡಿಸಲ್ಲ. ಆ ನಂಬಿಕೆ ಇದ್ದಿದ್ದರೆ ಭಯವೇ ಬರುತ್ತಿರಲಿಲ್ಲ, ಅಲ್ವಾ?

ಮೊದಲು ಬೈಬಲಿನ ವಿಮೋಚನಕಾಂಡದ 3 ಮತ್ತು 4ನೇ ಅಧ್ಯಾಯ ಓದಿ. ಒಂದೇ ಸಲ ಕೂತು ಓದಿ. ಐಗುಪ್ತದಲ್ಲಿ ಗುಲಾಮರಾಗಿದ್ದ ಇಸ್ರಾಯೇಲ್ಯರನ್ನ ಬಿಡಿಸಿಕೊಂಡು ಬಾ ಅಂತ ದೇವರು ಕಳಿಸುವಾಗ ‘ನಾನು ಎಷ್ಟರವನು?’ ಅಂತ ಮೋಶೆ ಕೇಳುತ್ತಾನೆ. ‘ನೀನು ಸಮರ್ಥ ಕಣಪ್ಪ’ ಅಂತ ದೇವರು ಬೆನ್ನು ತಟ್ಟುವುದಿಲ್ಲ. ‘ನಾನು ನಿನ್ನ ಸಂಗಡ ಇರುತ್ತೇನೆ’ ಅನ್ನುತ್ತಾನೆ, ಅಷ್ಟೇ. ಮೋಶೆ ಅಷ್ಟಕ್ಕೆ ಬಿಡುವುದಿಲ್ಲ, ಜನ ನಂಬಲ್ಲ ಅನ್ನುತ್ತಾನೆ, ಮಾತು ಸಲೀಸಾಗಿ ಬರಲ್ಲ ಅನ್ನುತ್ತಾನೆ, ಕೊನೆಗೆ ಬೇರೆ ಯಾರನ್ನಾದರೂ ಕಳಿಸು ಸ್ವಾಮಿ ಅಂತಲೇ ಅಂದುಬಿಡುತ್ತಾನೆ. ದೇವರಿಗೆ ಸಿಟ್ಟು ಬಂತು, ನಿಜ. ಆದರೂ ಕೆಲಸ ತಪ್ಪಿಸಲಿಲ್ಲ. ಮಾತಾಡೋಕೆ ಅಣ್ಣ ಆರೋನನನ್ನು ಜೊತೆ ಮಾಡಿದ.

ಹಾಗಾಗಿ ಪ್ರಾರ್ಥನೆಯಲ್ಲಿ ನೆಪಗಳನ್ನ ಮುಚ್ಚಿಡಬೇಡಿ. ಒಂದು ಚೀಟಿಯಲ್ಲಿ ಬರೆದುಕೊಂಡು ಹಾಗೇ ಹೇಳಿ. ಸುಮ್ನೆ ‘ನಾನು ಅಯೋಗ್ಯ’ ಅಂತ ಬರೆದರೆ ಏನೂ ಉಪಯೋಗ ಇಲ್ಲ. ‘ಓದುವಾಗ ತೊದಲುತ್ತೇನೆ, ಹಿಂದಿನ ಬೆಂಚಿನವರು ನಗುತ್ತಾರೆ’ ಅಂತ ಬಿಡಿಸಿ ಬರೆಯಿರಿ. ಆಗ ಮಾಡೋಕೆ ಏನೋ ಒಂದು ಸಿಗುತ್ತದೆ. ಶನಿವಾರ ರಾತ್ರಿ ಆ ಭಾಗವನ್ನ ಎರಡು ಮೂರು ಸಲ ಗಟ್ಟಿಯಾಗಿ ಓದಿಕೊಳ್ಳಬಹುದು. ನೆಬೂಕದ್ನೆಚ್ಚರನಂಥ ಹೆಸರು ಬಂದರೆ ನೆ-ಬೂ-ಕದ್-ನೆಚ್ಚರ ಅಂತ ಪೆನ್ಸಿಲಿನಲ್ಲಿ ಒಡೆದು ಬರೆದಿಟ್ಟುಕೊಳ್ಳಿ, ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಒಬ್ಬ ಆರೋನನನ್ನೂ ಹುಡುಕಿ. ಸಭೆಯಲ್ಲಿ ನಿಮ್ಮನ್ನ ಹೊಗಳುವವರಲ್ಲ, ನೀವು ತಡವರಿಸಿದರೆ ಪಕ್ಕದಲ್ಲಿ ನಿಲ್ಲುವಂಥ ಒಬ್ಬ ಅಕ್ಕನೋ ಅಣ್ಣನೋ ಸಾಕು.

ರಾತ್ರಿ ಮಲಗಿದಾಗ ಹಳೆಯದೆಲ್ಲ ನೆನಪಾಗಿ ಮನಸ್ಸು ಕುಗ್ಗಿದರೆ 42 ಮತ್ತು 43ನೇ ಕೀರ್ತನೆ ತೆಗೆಯಿರಿ. ಅಲ್ಲಿ ಕೀರ್ತನೆಗಾರ ತನ್ನ ಮನಸ್ಸನ್ನೇ ‘ಯಾಕೆ ಕುಗ್ಗಿದ್ದೀಯ?’ ಅಂತ ಕೇಳುತ್ತಾನೆ, ದೇವರನ್ನ ನಿರೀಕ್ಷಿಸು ಅನ್ನುತ್ತಾನೆ. ಒಂದು ಸಲ ಹೇಳಿದರೆ ಮನಸ್ಸು ಕೇಳಲಿಲ್ಲ ಅನ್ನಿಸುತ್ತೆ, ಅದೇ ಮಾತು ಮೂರು ಸಲ ಬರುತ್ತದೆ. ನಿಮಗೂ ಒಂದೇ ಸಲಕ್ಕೆ ಹಗುರಾಗದಿದ್ದರೆ ವಿಶ್ವಾಸ ಕಮ್ಮಿ ಅಂತ ಅಂದುಕೊಳ್ಳಬೇಡಿ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ವೈದ್ಯರನ್ನ ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬೈಬಲಿನಲ್ಲಿ ಅಪೊಸ್ತಲ ಪೌಲನ ಜೊತೆ ಇದ್ದ ಲೂಕನೂ ವೈದ್ಯನೇ.

ಭಯ ಪೂರ್ತಿ ಹೋಗಲಿ, ಆಮೇಲೆ ಮಾಡೋಣ ಅಂತ ಮಾತ್ರ ಕಾಯಬೇಡಿ. ಬಾಳನೆಂಬ ಅನ್ಯದೇವರ ಬಲಿಪೀಠ ಕೆಡವು ಅಂತ ದೇವರು ಹೇಳಿದಾಗ ಗಿದ್ಯೋನ ಮನೆಯವರಿಗೂ ಊರಿನವರಿಗೂ ಹೆದರಿ, ಹತ್ತು ಆಳುಗಳನ್ನ ಕರಕೊಂಡು ರಾತ್ರೋರಾತ್ರಿ ಕೆಡವಿದ. ‘ಹಗಲಲ್ಲಿ ಯಾಕೆ ಮಾಡಲಿಲ್ಲ?’ ಅಂತ ದೇವರು ಅವನನ್ನ ಕೇಳಲಿಲ್ಲ. ನೀವೂ ಉಪದೇಶದಂಥ ದೊಡ್ಡದಕ್ಕೆ ಕೈ ಹಾಕಬೇಡಿ, ಮನೆಕೂಟದಲ್ಲಿ ಎರಡು ನಿಮಿಷದ ಪ್ರಾರ್ಥನೆಯಿಂದ ಶುರು ಮಾಡಿ, ಬರೆದುಕೊಂಡು ಓದಿದರೂ ನಡೆಯುತ್ತೆ, ದನಿ ನಡುಗಿದರೆ ನಡುಗಲಿ.