ಪ್ಲೇಸ್‌ಮೆಂಟ್ ಅಂದರೆ ನೌಕರಿ ಅಲ್ಲ: ಬಯಾಲಜಿ ಓದಲು ಇಂಗ್ಲೆಂಡಿಗೆ ಹೊರಟವರಿಗೆ

ಮಳೆಗಾಲದಲ್ಲಿ ನಾನು ಕಾರವಾರಕ್ಕೆ ಬಂದರೆ ಜಗಲಿಯಲ್ಲಿ ಯಾರಾದರೂ ಅಪ್ಪ-ಮಗಳೋ ಅಮ್ಮ-ಮಗನೋ ಬಂದು ಕೂತಿರುತ್ತಾರೆ. ಜೂನ್, ಜುಲೈ ಮೀನುಗಾರಿಕೆ ಬಂದ್. ಬೈತಖೋಲಿನಲ್ಲಿ ಬೋಟುಗಳನ್ನು ಸಾಲಾಗಿ ಕಟ್ಟಿ ಹಾಕಿರುತ್ತಾರೆ, ಹೊರಗೆ ಮಳೆ ಹೊಯ್ಯುತ್ತಿರುತ್ತದೆ, ಎಲ್ಲರಿಗೂ ಮಾತಾಡಲು ಪುರುಸೊತ್ತು. ಈ ಸಲ ಬಂದವರು ಶಿರಸಿ ಕಡೆಯವರು. ಮಗಳಿಗೆ ಇಂಗ್ಲೆಂಡಿನಲ್ಲಿ ಬಯಾಲಜಿ ಡಿಗ್ರಿಗೆ ಸೀಟು ಸಿಕ್ಕಿದೆ. ಕೋರ್ಸಿನ ಹೆಸರಿನ ಕೊನೆಗೆ ‘ವಿತ್ ಪ್ಲೇಸ್‌ಮೆಂಟ್ ಇಯರ್’ ಅಂತಿದೆ. "ಪ್ಲೇಸ್‌ಮೆಂಟ್ ಅವರೇ ಕೊಡ್ತಾರಂತೆ, ಇನ್ನು ನೌಕರಿ ಚಿಂತೆ ಇಲ್ಲ" ಅಂದರು ಅಪ್ಪ, ಕವಳದ ಸಂಚಿ ಬಿಚ್ಚುತ್ತಾ.

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಪ್ಲೇಸ್‌ಮೆಂಟ್ ಅಂದರೆ ಓದು ಮುಗಿಯುವ ಹೊತ್ತಿಗೆ ಕಂಪನಿಯವರು ಕಾಲೇಜಿಗೆ ಬಂದು ನೌಕರಿ ಕೊಟ್ಟು ಹೋಗುವುದು. ಅಲ್ಲಿ ಹಾಗಲ್ಲ. ಮೂರು ವರ್ಷದ ಡಿಗ್ರಿಯ ನಡುವೆ, ಎರಡನೇ ವರ್ಷ ಮುಗಿದ ಮೇಲೆ, ಒಂದು ವರ್ಷ ಯಾವುದಾದರೂ ಲ್ಯಾಬಿನಲ್ಲೋ ಕಂಪನಿಯಲ್ಲೋ ಕೆಲಸ ಮಾಡುವುದು. ಆಮೇಲೆ ಮತ್ತೆ ಬೆಂಚಿಗೆ ಬಂದು ಕೊನೇ ವರ್ಷ ಓದುವುದು. ಒಟ್ಟು ನಾಲ್ಕು ವರ್ಷ. ಎರಡು ಓದಿನ ನಡುವೆ ಕೆಲಸ ಸಿಕ್ಕಿಸಿದ್ದಕ್ಕೇ ಅದನ್ನು ಸ್ಯಾಂಡ್‌ವಿಚ್ ಕೋರ್ಸ್ ಅನ್ನುತ್ತಾರೆ. ಮುಖ್ಯ ಮಾತು ಇದು: ಆ ಜಾಗವನ್ನು ಹುಡುಕಿಕೊಳ್ಳಬೇಕಾದವರು ನೀವೇ. ಯೂನಿವರ್ಸಿಟಿಯಲ್ಲಿ ಪ್ಲೇಸ್‌ಮೆಂಟ್ ಆಫೀಸ್ ಇರುತ್ತದೆ. ಅವರು ಸಿವಿ ತಿದ್ದಿಕೊಡುತ್ತಾರೆ, ಜಾಹೀರಾತು ಕಳಿಸುತ್ತಾರೆ. ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸುವುದಿಲ್ಲ. ಸಿಗದಿದ್ದರೆ ಮೂರು ವರ್ಷದ ಸಾದಾ ಕೋರ್ಸಿಗೆ ಹಾಕುತ್ತಾರೆ, ಅದನ್ನು ವೀಸಾ ಇಲಾಖೆಗೂ ತಿಳಿಸುತ್ತಾರೆ, ವೀಸಾದ ಅವಧಿಯೂ ಕಡಿಮೆಯಾಗಬಹುದು.

ನಾನು ಹತ್ತಿರ ಹತ್ತಿರ ಇಪ್ಪತ್ತು ವರ್ಷದಿಂದ ಅಲ್ಲೇ ಒಂದು ಲ್ಯಾಬಿನಲ್ಲಿದ್ದೇನೆ. ನಮ್ಮಲ್ಲಿಗೆ ಪ್ರತಿ ವರ್ಷ ಪ್ಲೇಸ್‌ಮೆಂಟ್ ಮಕ್ಕಳು ಬರುತ್ತಾರೆ, ಇಂಟರ್‌ವ್ಯೂನಲ್ಲಿ ನಾನೂ ಕೂರುತ್ತೇನೆ. ಹೇಳುವುದೆಲ್ಲ ಮೇಜಿನ ಆ ಕಡೆ ಕೂತು ಕಂಡದ್ದು.

ಮೊದಲು ದುಡ್ಡು ಮತ್ತು ಕಾಗದದ ವಿಷಯ ಮುಗಿಸಿಬಿಡೋಣ. ಪ್ಲೇಸ್‌ಮೆಂಟ್ ಇರುವ ಕೋರ್ಸ್ ಬೇಕು ಅಂತಿದ್ದರೆ ಅರ್ಜಿ ಹಾಕುವಾಗಲೇ ನಾಲ್ಕು ವರ್ಷದ್ದಕ್ಕೆ ಹಾಕಿ. ‘ಅಲ್ಲಿ ಹೋದ ಮೇಲೆ ಸೇರಿಸಿಕೊಂಡರಾಯ್ತು’ ಅಂತ ಹೋದರೆ ಮತ್ತೆ ವೀಸಾ, ಮತ್ತೆ ಫೀ, ಮತ್ತೆ ತಲೆನೋವು. ಆಸ್ಪತ್ರೆ ಸೌಲಭ್ಯಕ್ಕೆ ಅಂತ ವೀಸಾ ಜೊತೆಗೇ ಕಟ್ಟಿಸಿಕೊಳ್ಳುವ ಹಣ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ನಾಲ್ಕು ವರ್ಷಕ್ಕೆ 3,100 ಪೌಂಡ್ ದಾಟುತ್ತದೆ, ಒಂದೇ ಸಲ ಕಟ್ಟಬೇಕು. ಇದನ್ನು ಲೆಕ್ಕದಲ್ಲಿ ಮರೆಯುವವರೇ ಜಾಸ್ತಿ. ಖರ್ಚಿನ ದುಡ್ಡು ಬ್ಯಾಂಕಿನಲ್ಲಿ ಸತತ 28 ದಿನ ಇರಬೇಕು, ಒಂದು ದಿನವೂ ಮಟ್ಟದಿಂದ ಕೆಳಗಿಳಿಯಬಾರದು. ಅಡಿಕೆ ಮಾರಿದ ದುಡ್ಡು ಹಾಕಿ, ನಡುವೆ ಗೊಬ್ಬರಕ್ಕೆ ಅಂತ ಸ್ವಲ್ಪ ತೆಗೆದು, ಮತ್ತೆ ಹಾಕಿದರೆ ಎಣಿಕೆ ಮೊದಲಿನಿಂದ ಶುರು. ಟಿಬಿ ಪರೀಕ್ಷೆ ಭಾರತದಿಂದ ಹೋಗುವವರಿಗೆ ಕಡ್ಡಾಯ. ಒಂದು ಸಮಾಧಾನ ಅಂದರೆ ಪ್ಲೇಸ್‌ಮೆಂಟ್ ವರ್ಷಕ್ಕೆ ಪೂರ್ತಿ ಫೀ ಇರುವುದಿಲ್ಲ, ಒಂದು ಭಾಗ ಮಾತ್ರ. ಅದು ಎಷ್ಟು ಅನ್ನುವುದು ಒಂದೊಂದು ಕಡೆ ಒಂದೊಂದು ತರ. ಆಫರ್ ಒಪ್ಪಿಕೊಳ್ಳುವ ಮೊದಲೇ ಬರೆದು ಕೇಳಿ.

ಓದುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ವಾರ ಅಂದರೆ ಸೋಮವಾರದಿಂದ ಭಾನುವಾರ. ‘ಈ ವಾರ 26, ಮುಂದಿನ ವಾರ 14, ಸರಿಹೋಯ್ತಲ್ಲ’ ಅನ್ನುವ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಪ್ಲೇಸ್‌ಮೆಂಟ್‌ಗೆ ಈ ಮಿತಿ ಇಲ್ಲ, ಯಾಕೆಂದರೆ ಅದು ಕೋರ್ಸಿನದೇ ಭಾಗ, ಅದಕ್ಕೆ ರಿಪೋರ್ಟ್ ಬರೆಯಬೇಕು, ಮೌಲ್ಯಮಾಪನವೂ ಇದೆ.

ಹುಡುಕುವುದು ಯಾವಾಗ? ಎರಡನೇ ವರ್ಷದ ಸೆಪ್ಟೆಂಬರ್‌ನಲ್ಲಿ, ಕ್ಲಾಸು ಶುರುವಾದ ವಾರದಿಂದಲೇ. ದೊಡ್ಡ ಔಷಧ ಕಂಪನಿಗಳ ಜಾಹೀರಾತು ಆಗಲೇ ಬರುತ್ತವೆ, ಹಲವು ನವೆಂಬರ್ ಒಳಗೆ ಮುಚ್ಚಿಬಿಡುತ್ತವೆ. ನಮ್ಮ ಮಕ್ಕಳು ‘ಜನವರಿ ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ’ ಅಂತ ಕಾಯುತ್ತಾರೆ. ಫೆಬ್ರವರಿಯಲ್ಲಿ ಅಳುತ್ತಾ ನನಗೆ ಫೋನ್ ಮಾಡುತ್ತಾರೆ. ಆಗಲೂ ದಾರಿ ಇಲ್ಲ ಅಂತಲ್ಲ. ಸಂಶೋಧನಾ ಸಂಸ್ಥೆಗಳು, ಮ್ಯೂಸಿಯಂಗಳು, ಯೂನಿವರ್ಸಿಟಿಗಳದೇ ಸಣ್ಣ ಲ್ಯಾಬ್‌ಗಳು ತಡವಾಗಿ ತೆಗೆದುಕೊಳ್ಳುವುದುಂಟು. ಬೆಳೆ, ಮಣ್ಣು, ಗಿಡದ ರೋಗ ಇಷ್ಟವಾದರೆ ರೋಥಮ್‌ಸ್ಟೆಡ್, ನಾರಿಚ್‌ನ ಜಾನ್ ಇನ್ನೆಸ್ ಸೆಂಟರ್, ಲಂಡನ್ನಿನ ಕ್ಯೂ ಗಾರ್ಡನ್ಸ್ ಕಡೆ ಕಣ್ಣಿಡಿ. ಸಮುದ್ರವೇ ಬೇಕು ಅನ್ನುವ ಕರಾವಳಿಯವರಿಗೆ ಪ್ಲಿಮತ್‌ನಲ್ಲಿ, 1884ರಲ್ಲಿ ಹುಟ್ಟಿದ ಮರೈನ್ ಬಯಲಾಜಿಕಲ್ ಅಸೋಸಿಯೇಷನ್ ಇದೆ.

ಸಂಬಳದ ಬಗ್ಗೆ ಒಂದು ಕಹಿ ಮಾತು. ಕೋರ್ಸಿನ ಭಾಗವಾಗಿ ಒಂದು ವರ್ಷದವರೆಗೆ ಕೆಲಸ ಮಾಡುವ ವಿದ್ಯಾರ್ಥಿಗೆ ಕನಿಷ್ಠ ವೇತನ ಕೊಡಲೇಬೇಕು ಅಂತ ಅಲ್ಲಿನ ಕಾನೂನಿನಲ್ಲಿ ಇಲ್ಲ. ದೊಡ್ಡ ಕಂಪನಿಗಳು ಚೆನ್ನಾಗಿಯೇ ಕೊಡುತ್ತವೆ. ಸಣ್ಣ ಲ್ಯಾಬ್, ವನ್ಯಜೀವಿ ಸಂಸ್ಥೆಗಳಲ್ಲಿ ಕೆಲವೊಮ್ಮೆ ಬಸ್ ಚಾರ್ಜು, ಊಟ ಅಷ್ಟೇ. ಹಕ್ಕಿ, ಆಮೆ, ಡಾಲ್ಫಿನ್ ಅಂತ ಮನಸ್ಸು ಎಳೆಯುವ ಜಾಗಗಳಲ್ಲೇ ದುಡ್ಡು ಕಡಿಮೆ. ಇದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಸಾಲ ಮಾಡಿ ಬಂದವರು ಒಂದು ವರ್ಷ ಸುಮ್ನೆ ಕೆಲಸ ಮಾಡಲು ಆಗುತ್ತದಾ ಅಂತ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಅರ್ಜಿಯಲ್ಲಿ ‘ನಿಮಗೆ ಸ್ಪಾನ್ಸರ್‌ಶಿಪ್ ಬೇಕಾ’, ಅಂದರೆ ನಿಮ್ಮ ವೀಸಾಕ್ಕೆ ಕಂಪನಿ ಹೊಣೆ ನಿಲ್ಲಬೇಕಾ, ಅನ್ನುವ ಪ್ರಶ್ನೆ ಬರುತ್ತದೆ. ಗಾಬರಿಯಿಂದ ಹೌದು ಅಂತ ಒತ್ತಿದರೆ ಎಷ್ಟೋ ಕಡೆ ಕಂಪ್ಯೂಟರೇ ನಿಮ್ಮನ್ನು ಹೊರಗೆ ಹಾಕುತ್ತದೆ. ಪ್ಲೇಸ್‌ಮೆಂಟ್‌ಗೆ ಕಂಪನಿ ನಿಮ್ಮನ್ನು ಸ್ಪಾನ್ಸರ್ ಮಾಡಬೇಕಾಗಿಲ್ಲ. ನಿಮ್ಮ ಸ್ಪಾನ್ಸರ್ ಯೂನಿವರ್ಸಿಟಿಯೇ. ಇದನ್ನು ಒಂದು ಸಾಲಿನಲ್ಲಿ ಬರೆದುಕೊಡಿ ಅಂತ ಪ್ಲೇಸ್‌ಮೆಂಟ್ ಆಫೀಸಿನವರನ್ನು ಕೇಳಿ, ಕವರ್ ಲೆಟರ್‌ನಲ್ಲೂ ಹಾಕಿ. ರಕ್ಷಣಾ ಇಲಾಖೆಗೆ ಸಂಬಂಧಪಟ್ಟ ಲ್ಯಾಬ್‌ಗಳ ಆಸೆ ಮಾತ್ರ ಬಿಡಿ. ಸೀಬರ್ಡ್ ನೌಕಾನೆಲೆಯ ಗೇಟಿನ ಒಳಗೆ ಯಾರನ್ನು ಬಿಡುತ್ತಾರೆ ಅಂತ ಕಾರವಾರದವರಿಗೆ ಬಿಡಿಸಿ ಹೇಳಬೇಕಾ!

ಈಗ ನನಗೆ ಇಷ್ಟವಾದ ಭಾಗ. ಇಂಟರ್‌ವ್ಯೂಗೆ ಬರುವ ಮಕ್ಕಳೆಲ್ಲ ಒಂದೇ ಪಟ್ಟಿ ಒಪ್ಪಿಸುತ್ತಾರೆ: ಪಿಸಿಆರ್ ಗೊತ್ತು, ಜೆಲ್ ಓಡಿಸಿದ್ದೇನೆ, ತಂಡದಲ್ಲಿ ಕೆಲಸ ಮಾಡುತ್ತೇನೆ. ಡಿಎನ್‌ಎ ಪ್ರತಿ ಮಾಡುವುದು, ಬೇರ್ಪಡಿಸಿ ನೋಡುವುದು, ಎರಡನೇ ವರ್ಷದಲ್ಲಿ ಎಲ್ಲರಿಗೂ ಅಷ್ಟು ಗೊತ್ತಿರುತ್ತದೆ. ಕೆಲವು ವರ್ಷದ ಹಿಂದೆ ಸಿದ್ದಾಪುರ ಕಡೆಯ ಒಬ್ಬ ಹುಡುಗ ಬಂದಿದ್ದ. ಅವನೂ ಹಾಗೇ ಶುರು ಮಾಡಿದ. ‘ಏನೋ ಕೆಟ್ಟುಹೋದಾಗ ಕಾರಣ ಹೇಗೆ ಪತ್ತೆ ಮಾಡಿದೆ, ಒಂದು ಉದಾಹರಣೆ ಕೊಡು’ ಅಂತ ನನ್ನ ಜೊತೆಯವರು ಕೇಳಿದರು. ಹುಡುಗ ಸ್ವಲ್ಪ ತಡೆದು ಮನೆಯ ಅಡಿಕೆ ತೋಟದ ಕತೆ ಹೇಳಿದ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ನಮಗೆಲ್ಲ ಗೊತ್ತು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಆ ವರ್ಷ ಮೊದಲ ಸಲ ಹೊಡೆದಾಗ ಗೊನೆಗಳಲ್ಲಿ ಸುಟ್ಟಂಥ ಕಲೆ ಬಿದ್ದವಂತೆ. ಅಜ್ಜ ಒಂದು ಕತ್ತಿಯನ್ನು ಉಜ್ಜಿ ಹೊಳಪು ಮಾಡಿ, ಹೊಸ ಮಿಶ್ರಣದ ಡ್ರಮ್ಮಿನಲ್ಲಿ ಅದ್ದಿ ತೆಗೆದರು. ಅಲಗಿನ ಮೇಲೆ ಕೆಂಪು ತಾಮ್ರ ಹತ್ತಿತ್ತು. ಅಂದರೆ ಸುಣ್ಣ ಸಾಲದು, ದ್ರಾವಣ ಇನ್ನೂ ಆಮ್ಲ. ತೂಕ ಸರಿಯಾಗೇ ಇತ್ತು. ಹುಡುಗ ಸುಣ್ಣದ ಚೀಲ ನೋಡಿದ. ಹಿಂದಿನ ವರ್ಷದ್ದು, ಗಾಳಿ ತಾಗಿ ಸತ್ವ ಹೋಗಿತ್ತು. ಹೊಸ ಸುಣ್ಣ ತಂದು ಸ್ವಲ್ಪ ಸ್ವಲ್ಪ ಸೇರಿಸಿ, ಪ್ರತಿ ಸಲ ಕತ್ತಿ ಅದ್ದಿ ನೋಡಿ, ಅಲಗು ಬಿಳಿಯಾಗೇ ಬಂದ ಮೇಲೆ ಹೊಡೆದರು. ಹುಡುಗ ಇಷ್ಟು ಹೇಳಿ, ಈ ರೋಗ ತರುವ ಫೈಟಾಫ್ಥೊರಾ ಮತ್ತು 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆಸಿದ ಜೀವಿ ಒಂದೇ ಕುಲದವು ಅಂದ. ನನ್ನ ಜೊತೆಯವರು ಪೆನ್ನು ಕೆಳಗಿಟ್ಟು ಕತ್ತಿಯ ಬಗ್ಗೆ ಮತ್ತೆ ಕೇಳಿದರು. ಜಾಗ ಅವನಿಗೇ ಸಿಕ್ಕಿತು.

ಅದಕ್ಕೇ ಹೊರಡುವ ಮೊದಲು ಊರನ್ನು ಒಮ್ಮೆ ಸರಿಯಾಗಿ ನೋಡಿ ಅಂತೀನಿ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಜಾಗ, ಸಿಕ್ಕಿದೆ. ಇಳಿತದ ಹೊತ್ತಿಗೆ ಹೋಗಿ ಬಳಚು ಚಿಪ್ಪು ಆರಿಸುವವರ ಜೊತೆ ಒಂದು ಬೆಳಗ್ಗೆ ನಿಲ್ಲಿ. ಅಳಿವೆ ದಂಡೆಯ ಗಜನಿ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನು ತಡೆದುಕೊಳ್ಳುತ್ತದೆ. ಹೇಗೆ ಅಂತ ಬೆಳೆಯುವವರನ್ನು ಕೇಳಿ, ಆಮೇಲೆ ಪುಸ್ತಕದಲ್ಲಿ ಹುಡುಕಿ. ಕಾಳಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಾರವಾರದ ಪಕ್ಕದಲ್ಲೇ ಇದೆ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಇದೆ, ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ. ಹೋಗಿ ಮಾತಾಡಿಸಿ. ಸಿದ್ದಾಪುರದವರಿಗೆ ಉಣ್ಣಿಯ ಬಗ್ಗೆ, ಅದು ಹರಡುವ ಮಂಗನ ಕಾಯಿಲೆ ಬಗ್ಗೆ ಮನೆಯಲ್ಲೇ ಹೇಳುವವರಿದ್ದಾರೆ. ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ‘ನನಗೆ ಪ್ರಕೃತಿ ಅಂದ್ರೆ ಪ್ರಾಣ’ ಅಂತ ಮಾತ್ರ ಅರ್ಜಿಯಲ್ಲಿ ಬರೆಯಬೇಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ.

ಮಾರ್ಕ್ಸ್ ನೋಡಿ ಹೆದರಬೇಡಿ. ಅಲ್ಲಿ ಪಾಸು 40, ಫಸ್ಟ್ ಕ್ಲಾಸು 70ಕ್ಕೆ. ಪಿಯುಸಿಯಲ್ಲಿ 96 ತೆಗೆದವರಿಗೆ ಮೊದಲ ಪ್ರಬಂಧಕ್ಕೆ 62 ಬಂದಾಗ ಊಟ ಸೇರುವುದಿಲ್ಲ. 62 ಒಳ್ಳೆಯದೇ. ಹೆಚ್ಚಿನ ಪ್ಲೇಸ್‌ಮೆಂಟ್‌ಗಳಿಗೆ 60ರ ಮೇಲಿದ್ದರೆ ಸಾಕು.

ಲ್ಯಾಬಿಗೆ ಹೋದ ಮೇಲೆ ಯಾರನ್ನೂ ಸರ್, ಮೇಡಂ ಅನ್ನಬೇಡಿ, ಹೆಸರು ಹಿಡಿದೇ ಕರೆಯಿರಿ. ಬಾಯಿ ತಿರುಗಲು ಒಂದು ತಿಂಗಳು ಬೇಕು. ಇನ್ನೊಂದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ನಾನು ಸೇರಿದ ಎರಡನೇ ವಾರ 48 ಸಣ್ಣ ಟ್ಯೂಬ್‌ಗಳ ಮೇಲೆ ಮಾರ್ಕರಿನಲ್ಲಿ ಚಂದವಾಗಿ ಹೆಸರು ಬರೆದೆ. ಕ್ರಿಮಿ ಸೇರದಂತೆ ಕೆಲಸ ಮಾಡುವ ಕ್ಯಾಬಿನೆಟ್ಟಿನ ಒಳಗಿಡುವ ಮೊದಲು ನಿಯಮದಂತೆ ಎಲ್ಲದಕ್ಕೂ 70 ಪರ್ಸೆಂಟ್ ಎಥನಾಲ್ ಹೊಡೆದು ಒರೆಸಿದೆ. ಹೆಸರುಗಳೆಲ್ಲ ನೀಲಿ ನೀರಾಗಿ ಕೈಗೆ ಬಂದವು. 48 ಟ್ಯೂಬ್, ಒಂದಕ್ಕೂ ಗುರುತಿಲ್ಲ. ಹೆದರಿ ಮಧ್ಯಾಹ್ನದವರೆಗೆ ಯಾರಿಗೂ ಹೇಳಲಿಲ್ಲ, ನೆನಪಿನಿಂದ ಮತ್ತೆ ಬರೆಯಲು ನೋಡಿದೆ. ಕೊನೆಗೆ ಹೇಳಿದಾಗ ಬೈಗುಳ ಬಿದ್ದದ್ದು ಅಳಿಸಿದ್ದಕ್ಕಲ್ಲ, ಆ ನೆನಪಿನಿಂದ ಬರೆದದ್ದಕ್ಕೆ. ಲ್ಯಾಬ್ ನೋಟ್‌ಬುಕ್ಕಿನಲ್ಲೂ ಅಷ್ಟೇ: ಪೆನ್ನಿನಲ್ಲಿ ಬರೆಯಿರಿ, ತಪ್ಪಿಗೆ ಒಂದೇ ಗೆರೆ ಎಳೆದು ದಿನಾಂಕ, ಸಹಿ ಹಾಕಿ, ಹಾಳೆ ಹರಿಯಬೇಡಿ. ಟ್ಯೂಬಿಗೆ ಎಥನಾಲ್‌ಗೆ ಅಳಿಸದ ಲೇಬಲ್ ಬರುತ್ತದೆ, ಮೊದಲ ದಿನವೇ ಕೇಳಿ ಇಸಿದುಕೊಳ್ಳಿ.

ಮನೆ ವಿಷಯದಲ್ಲಿ ನನ್ನ ಅಕ್ಕನ ಮಗ ಚೆನ್ನಾಗಿ ಸಿಕ್ಕಿಬಿದ್ದ. ಎರಡನೇ ವರ್ಷದ ನವೆಂಬರ್‌ನಲ್ಲೇ ಗೆಳೆಯರೆಲ್ಲ ಮುಂದಿನ ವರ್ಷದ ಮನೆಗೆ ಸಹಿ ಹಾಕಿದರು, ಇವನೂ ಹಾಕಿದ. ಮಾರ್ಚ್‌ನಲ್ಲಿ ಪ್ಲೇಸ್‌ಮೆಂಟ್ ಸಿಕ್ಕಿದ್ದು ಇನ್ನೂರು ಮೈಲಿ ದೂರದ ಊರಲ್ಲಿ. ಮನೆ ಮಾಲೀಕ ಒಪ್ಪಂದ ಬಿಡಲಿಲ್ಲ. ಬದಲಿ ಬಾಡಿಗೆದಾರ ಸಿಗುವವರೆಗೆ ಐದು ತಿಂಗಳು ಎರಡು ಮನೆ ಬಾಡಿಗೆ ಕಟ್ಟಿದ. ಪ್ಲೇಸ್‌ಮೆಂಟ್ ಹುಡುಕುತ್ತಿದ್ದೇನೆ ಅಂತ ಗೆಳೆಯರಿಗೆ ಮೊದಲೇ ಹೇಳಿ, ಸಹಿ ತಡ ಮಾಡಿ. ಮನೆ ಸಿಗುತ್ತದೆ, ಸ್ವಲ್ಪ ಹಳೇದಿರಬಹುದು ಅಷ್ಟೇ.

ಪ್ಲೇಸ್‌ಮೆಂಟ್ ಊರು ಸಣ್ಣದಿದ್ದರೆ ಸುತ್ತ ಕನ್ನಡದವರು ಸಿಗುವುದು ಕಷ್ಟ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲೆ. ಹಾಗಾಗಿ ಬ್ಯಾಗಿನಲ್ಲಿ ಏನು ತುಂಬಬೇಕು ಅಂತ ಅಮ್ಮಂದಿರು ಕೇಳುವುದು ತಪ್ಪಲ್ಲ. ತುಪ್ಪ, ಪೇಡೆ ತರುವಂತಿಲ್ಲ, ಹಾಲಿನ ಪದಾರ್ಥಕ್ಕೆ ಅನುಮತಿ ಇಲ್ಲ. ಹಸಿ ಕರಿಬೇವೂ ಬೇಡ. ಒಣಗಿಸಿದ ಮುರುಗಲು ಸಿಪ್ಪೆ ತನ್ನಿ. ಒಣಮೀನು ತರಬಹುದು. ಸುಡುವ ಮೊದಲು ಅಡುಗೆಮನೆ ಕಿಟಕಿ ತೆಗೆದು, ಬಾಗಿಲು ಹಾಕಿಕೊಳ್ಳಿ. ಬಂಗುಡೆ ಹೊಗೆಗೆ ಇಡೀ ಹಾಸ್ಟೆಲ್ಲಿನ ಫೈರ್ ಅಲಾರಂ ಕೂಗಿ, ರಾತ್ರಿ ಹತ್ತಕ್ಕೆ ಎಲ್ಲರೂ ಚಳಿಯಲ್ಲಿ ಹೊರಗೆ ನಿಂತದ್ದನ್ನು ನಾನು ನೋಡಿದ್ದೇನೆ.